ಹ್ಯೂ ನಿಬ್ಲಿ: ಮಾರ್ಮನ್ ನಂಬಿಕೆಯ ಪರ ವಾದಿಸಿದ ಮೇಷ್ಟ್ರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧರ್ಮಗಳ ಇತಿಹಾಸ ಓದುವ ಗೆಳೆಯರ ನಡುವೆ ಈ ಹೆಸರು ಎತ್ತಿದರೆ ಸಾಕು, ಪ್ರಶ್ನೆಗಳು ಶುರುವಾಗುತ್ತವೆ. ಪ್ರತಿ ಸಲ ಮೊದಲಿಂದ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು. ನಾನು ಮಾರ್ಮನ್ ಅಲ್ಲ. ಇವರ ಎಷ್ಟೋ ವಾದಗಳನ್ನು ಒಪ್ಪುವುದೂ ಇಲ್ಲ. ಆದರೂ ಇವರನ್ನು ಪ್ರೀತಿಯಿಂದ ಓದುತ್ತಾ ಬಂದಿದ್ದೇನೆ. ಯಾಕೆ ಅನ್ನೋದು ಕೆಳಗೆ ಓದುತ್ತಾ ಗೊತ್ತಾಗುತ್ತದೆ.

ಹ್ಯೂ ನಿಬ್ಲಿ ಅಂದರೆ ಯಾರು?

ಅಮೆರಿಕದ ಯೂಟಾ ರಾಜ್ಯದ ಪ್ರೊವೊ ಊರಿನಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಅಂತ ಇದೆ, ಮಾರ್ಮನ್ ಸಭೆಯೇ, ಅಂದರೆ ಅವರ ಚರ್ಚೇ, ನಡೆಸುವ ವಿದ್ಯಾಸಂಸ್ಥೆ. ಅಲ್ಲಿ ಹತ್ತಿರ ಹತ್ತಿರ ಐವತ್ತು ವರ್ಷ ಪಾಠ ಹೇಳಿದವರು ನಿಬ್ಲಿ. 1910ರ ಮಾರ್ಚ್ 27ರಂದು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಹುಟ್ಟಿದರು, 2005ರ ಫೆಬ್ರವರಿ 24ರಂದು ಪ್ರೊವೊದಲ್ಲಿ ತೀರಿಕೊಂಡರು. ಗ್ರೀಕ್, ಲ್ಯಾಟಿನ್, ಜರ್ಮನ್, ಹೀಬ್ರೂ, ಅರಬ್ಬಿ, ಕಾಪ್ಟಿಕ್, ಹಳೆಯ ಈಜಿಪ್ಟಿನ ಭಾಷೆ ಹೀಗೆ ಒಂದಾದ ಮೇಲೊಂದು ಕಲಿತರು. ಕಲಿತದ್ದನ್ನೆಲ್ಲ ತಮ್ಮ ಧರ್ಮಗ್ರಂಥದ ಸಮರ್ಥನೆಗೆ ಬಳಸಿದರು. ಇಪ್ಪತ್ತನೇ ಶತಮಾನದ ಮಾರ್ಮನ್ ವಿದ್ವಾಂಸರಲ್ಲಿ ಇವರಷ್ಟು ಓದಿಸಿಕೊಂಡವರು ಕಡಿಮೆ.

ಮಾರ್ಮನ್ನರು ಅಂದರೆ ಯಾರು? ಕ್ರೈಸ್ತರೇ ತಾನೆ?

ತಾವು ಕ್ರೈಸ್ತರೇ ಅಂತ ಅವರು ಹೇಳುತ್ತಾರೆ, ಬೇರೆ ಹಲವು ಕ್ರೈಸ್ತ ಪಂಗಡಗಳು ಒಪ್ಪುವುದಿಲ್ಲ. ಜೋಸೆಫ್ ಸ್ಮಿತ್ ಅನ್ನುವ ರೈತರ ಮನೆಯ ಹುಡುಗ ನ್ಯೂಯಾರ್ಕ್ ರಾಜ್ಯದಲ್ಲಿ 1830ರಲ್ಲಿ ಶುರು ಮಾಡಿದ ಸಭೆ ಇದು. ದೇವದೂತ ತೋರಿಸಿದ ಚಿನ್ನದ ಹಾಳೆಗಳಿಂದ ದೈವಬಲದಿಂದ ಅನುವಾದಿಸಿದೆ ಅಂತ ಹೇಳಿ ಅವರು ಅದೇ ವರ್ಷ ಅಚ್ಚು ಹಾಕಿಸಿದ ಪುಸ್ತಕವೇ ಮಾರ್ಮನ್ ಗ್ರಂಥ. ಕ್ರಿಸ್ತಪೂರ್ವ 600ರ ಸುಮಾರಿಗೆ ಲೀಹೈ ಅನ್ನುವವನೊಬ್ಬ ಜೆರುಸಲೇಮ್ ಬಿಟ್ಟು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮರುಭೂಮಿ ದಾಟಿ, ಹಡಗು ಹತ್ತಿ ಅಮೆರಿಕಕ್ಕೆ ಬಂದ ಅನ್ನೋದು ಅದರ ಕಥೆಯ ಮೊದಲ ಭಾಗ. 1844ರಲ್ಲಿ ಸ್ಮಿತ್‌ರನ್ನು ಜೈಲಿನಲ್ಲೇ ಗುಂಪೊಂದು ಗುಂಡಿಟ್ಟು ಕೊಂದಿತು. ಆಮೇಲೆ ಬ್ರಿಗಮ್ ಯಂಗ್ ಹಿಂದೆ ಹೊರಟ ಜನ 1847ರಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಬಂದು ನೆಲೆ ನಿಂತರು.

ಇನ್ನೊಂದು ಮಾತು. ಸಭೆಯ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಮಾರ್ಮನ್ ಅನ್ನೋದು ಅಡ್ಡಹೆಸರು, ಅದನ್ನು ಬಳಸಬೇಡಿ ಅಂತ 2018ರಲ್ಲಿ ಅವರ ಅಧ್ಯಕ್ಷರೇ ಕೇಳಿಕೊಂಡರು. ನಿಬ್ಲಿ ಬರೆಯುತ್ತಿದ್ದ ಕಾಲದಲ್ಲಿ ಎಲ್ಲರೂ ಬಳಸುತ್ತಿದ್ದ ಪದ, ಓದುಗರಿಗೂ ಗೊತ್ತಿರುವ ಪದ ಅಂತ ಇಲ್ಲಿ ಉಳಿಸಿಕೊಂಡಿದ್ದೇನೆ.

ನಿಬ್ಲಿಯನ್ನು ಅಪಾಲಜಿಸ್ಟ್ ಅಂತಾರೆ, ಅಂದರೆ ಕ್ಷಮೆ ಕೇಳುವವರಾ?

ಅಲ್ಲ. ಈ ಪ್ರಶ್ನೆ ತುಂಬಾ ಸಲ ಬರುತ್ತದೆ. ಗ್ರೀಕಿನಲ್ಲಿ ಅಪೊಲೊಗಿಯಾ ಅಂದರೆ ಆರೋಪ ಹೊತ್ತವನು ನ್ಯಾಯಸಭೆಯಲ್ಲಿ ತನ್ನ ಪರವಾಗಿ ಆಡುವ ಮಾತು. ಅಲ್ಲಿಂದ ಬಂದದ್ದು ಈ ಪದ. ತನ್ನ ಮತದ ಮೇಲೆ ಬಂದ ಆಕ್ಷೇಪಗಳಿಗೆ ಉತ್ತರ ಕೊಡುವವರು ಅಪಾಲಜಿಸ್ಟ್. ಎದುರು ಪಕ್ಷದ ಮಾತನ್ನು ಮುಂದಿಟ್ಟು, ಅದನ್ನು ಖಂಡಿಸಿ, ತನ್ನ ಸಿದ್ಧಾಂತ ಸ್ಥಾಪಿಸುವ ಕ್ರಮ ನಮ್ಮ ಶಾಸ್ತ್ರಗಳನ್ನು ಓದಿದವರಿಗೆ ಹೊಸದೇನಲ್ಲ. ಆದರೆ ನಮ್ಮಲ್ಲಿ ವಾದ ಜಾಸ್ತಿ ನಡೆದದ್ದು ತರ್ಕದ ಮೇಲೆ. ನಿಬ್ಲಿ ಇಳಿದದ್ದು ಇತಿಹಾಸದ ಕಣಕ್ಕೆ: ಈ ಪುಸ್ತಕ ಹೇಳುವ ಹಳೆಯ ಲೋಕ ನಿಜವಾಗಿಯೂ ಹಾಗೇ ಇತ್ತಾ ಅನ್ನುವ ಪ್ರಶ್ನೆಗೆ.

ಮನೆತನ ಎಂಥದ್ದು?

ಸಭೆಯ ಒಳಮನೆಯದೇ. ತಾತ ಚಾರ್ಲ್ಸ್ ನಿಬ್ಲಿ ಸಭೆಯ ಪ್ರಧಾನ ಬಿಷಪ್ ಆಗಿದ್ದರು, ಆಮೇಲೆ ಅಧ್ಯಕ್ಷರ ಇಬ್ಬರು ಸಲಹೆಗಾರರಲ್ಲಿ ಒಬ್ಬರಾದರು. ಅಜ್ಜಿಯ ತಂದೆ ಅಲೆಕ್ಸಾಂಡರ್ ನೈಬಾರ್ ಯಹೂದಿ, ಹಲ್ಲಿನ ವೈದ್ಯ, ಮತಾಂತರಗೊಂಡು ಬಂದವರು. ಜೋಸೆಫ್ ಸ್ಮಿತ್‌ಗೇ ಹೀಬ್ರೂ ಮತ್ತು ಜರ್ಮನ್ ಹೇಳಿಕೊಟ್ಟವರು. ಭಾಷೆಯ ಹುಚ್ಚು ಈ ಮನೆಗೆ ಮೊದಲಿಂದಲೂ ಇತ್ತು ಅನ್ನಬಹುದು.

ಓದು ಎಲ್ಲೆಲ್ಲಿ ಆಯಿತು?

1927ರಲ್ಲಿ, ಹದಿನೇಳರ ವಯಸ್ಸಿಗೆ, ಧರ್ಮಪ್ರಚಾರಕ್ಕೆ ಜರ್ಮನಿಗೆ ಹೋದರು. ವಾಪಸು ಬಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ 1934ರಲ್ಲಿ ಪದವಿ ಪಡೆದರು. 1938ರಲ್ಲಿ ಬರ್ಕ್ಲಿಯಲ್ಲಿ ಡಾಕ್ಟರೇಟ್. ಪ್ರಾಚೀನ ರೋಮಿನ ಸಾರ್ವಜನಿಕ ಆಟಗಳು ಇನ್ನೂ ಹಳೆಯ ವರ್ಷಾರಂಭದ ಆಚರಣೆಯೊಂದರ ಉಳಿಕೆ ಅಂತ ಆ ಪ್ರಬಂಧದಲ್ಲಿ ವಾದಿಸಿದ್ದರು.

ಇದನ್ನು ಸುಮ್ನೆ ದಾಟಿ ಹೋಗಬೇಡಿ. ಮುಂದೆ ಅವರು ಬರೆದದ್ದರಲ್ಲೆಲ್ಲ ಇದೇ ಬುದ್ಧಿ ಕೆಲಸ ಮಾಡುತ್ತದೆ. ಬೇರೆ ಬೇರೆ ನಾಡುಗಳಲ್ಲಿ ಒಂದೇ ಥರದ ಆಚರಣೆ ಕಂಡರೆ ಅದರ ಹಿಂದೆ ಒಂದೇ ಹಳೆಯ ಬೇರು ಇದೆ ಅಂತ ಹುಡುಕುವ ಬುದ್ಧಿ. ಅವರ ಶಕ್ತಿಯೂ ಅದೇ, ಅವರು ಎಡವಿದ್ದೂ ಅಲ್ಲೇ.

ಯುದ್ಧಕ್ಕೆ ಹೋಗಿದ್ದರಂತೆ, ನಿಜವಾ?

ನಿಜ. ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್ ಕಾಲೇಜುಗಳಲ್ಲಿ ಪಾಠ ಮಾಡುತ್ತಿದ್ದವರು 1942ರಲ್ಲಿ ಸೈನ್ಯ ಸೇರಿದರು. ಜರ್ಮನ್ ಚೆನ್ನಾಗಿ ಬರುತ್ತಿತ್ತು, ಹಾಗಾಗಿ ಗುಪ್ತಚರ ವಿಭಾಗ ಸಿಕ್ಕಿತು. ಶತ್ರುಗಳ ಯಾವ ತುಕಡಿ ಎಲ್ಲಿದೆ, ಯಾರ ಕೈಕೆಳಗಿದೆ ಅಂತ ಲೆಕ್ಕ ಹಾಕುವ ಕೆಲಸ. 101ನೇ ಏರ್‌ಬೋರ್ನ್ ಡಿವಿಜನ್ ಜೊತೆ ಇದ್ದರು. 1944ರ ಜೂನ್‌ನಲ್ಲಿ ನಾರ್ಮಂಡಿಯ ದಂಡೆಗೆ ಜೀಪ್ ಓಡಿಸಿಕೊಂಡು ಇಳಿದರು, ಸೆಪ್ಟೆಂಬರ್‌ನಲ್ಲಿ ಗ್ಲೈಡರ್‌ನಲ್ಲಿ ಹಾಲೆಂಡಿಗೆ ಇಳಿದರು.

ಆ ಜೀಪಿನ ಬಗ್ಗೆ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಹಡಗಿನಿಂದ ನೀರಿಗೆ ಇಳಿದು, ಸುತ್ತ ಗುಂಡು ಹಾರುತ್ತಿರುವಾಗ, ತಲೆ ತುಂಬ ಇದ್ದದ್ದು ಮಾರ್ಮನ್ ಗ್ರಂಥವಂತೆ. ಆ ಪುಸ್ತಕ ಎಷ್ಟು ಅದ್ಭುತ ಅನ್ನೋದು ಅದುವರೆಗೆ ಹೊಳೆದೇ ಇರಲಿಲ್ಲ, ಆ ದಿನವಿಡೀ ಅದೇ ಯೋಚನೆ ಅಂತ. ಮೊದಲ ಸಲ ಓದಿದಾಗ ನನಗೆ ವಿಚಿತ್ರ ಅನ್ನಿಸಿತ್ತು. ಆಮೇಲೆ ಮಾರ್ಮನ್ ಗ್ರಂಥವನ್ನೇ ತೆಗೆದು ನೋಡಿದೆ. ಅದರ ಅರ್ಧಕ್ಕೆ ಅರ್ಧ ಯುದ್ಧ, ಸೈನ್ಯ, ಸೇಡು, ಕೊನೆಗೆ ಒಂದು ಜನಾಂಗವೇ ಅಳಿದುಹೋಗುವ ಕಥೆ. ಅದನ್ನು ಪವಿತ್ರ ಪುಸ್ತಕ ಅಂತ ಚಿಕ್ಕಂದಿನಿಂದ ಓದಿದವನಿಗೆ, ಆ ದಂಡೆಯ ಮೇಲೆ ಅದು ಕಣ್ಣೆದುರಿಗೇ ಬಂದಂತೆ ಆಗಿರಬೇಕು. ಈ ಮನುಷ್ಯ ಮುಂದೆ ವಿಯೆಟ್ನಾಂ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನ್ನ ನಂಬಿಕೆ. ಪ್ರೊವೊದಂಥ ಊರಿನಲ್ಲಿ ಅದು ಸುಲಭದ ಮಾತಲ್ಲ.

ಸಮರ್ಥನೆಯ ಕೆಲಸ ಶುರುವಾಗಿದ್ದು ಯಾವಾಗ?

1946ರಲ್ಲಿ. ಹಿಂದಿನ ವರ್ಷ ಫಾನ್ ಬ್ರೋಡಿ ಅನ್ನುವ ಲೇಖಕಿ ಜೋಸೆಫ್ ಸ್ಮಿತ್ ಜೀವನಚರಿತ್ರೆ ಪ್ರಕಟಿಸಿದ್ದರು. ಸ್ಮಿತ್‌ರನ್ನು ಪ್ರವಾದಿ ಅಂತಲ್ಲ, ಕಲ್ಪನಾಶಕ್ತಿ ತುಂಬಿದ ಒಬ್ಬ ಮನುಷ್ಯ ಅಂತ ನೋಡಿದ ಪುಸ್ತಕ ಅದು. ಬ್ರೋಡಿ ಹೊರಗಿನವರಲ್ಲ. ಮುಂದೆ ಸಭೆಯ ಅಧ್ಯಕ್ಷರಾದ ಡೇವಿಡ್ ಮೆಕೇ ಇವರ ದೊಡ್ಡಪ್ಪ. ಪುಸ್ತಕ ಬಂದ ಮರುವರ್ಷ ಸಭೆ ಅವರನ್ನು ಬಹಿಷ್ಕರಿಸಿತು. ಅದೇ ಹೊತ್ತಿಗೆ ನಿಬ್ಲಿ ಒಂದು ಸಣ್ಣ ಪುಸ್ತಿಕೆ ಬರೆದು ಉತ್ತರ ಕೊಟ್ಟರು.

ಇದು ಅವರ ಒಳ್ಳೆಯ ಬರಹ ಅಂತ ನಾನು ಹೇಳಲಾರೆ. ಚುರುಕಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಹೀಯಾಳಿಕೆ ಜಾಸ್ತಿ, ಬ್ರೋಡಿ ಎತ್ತಿದ ಪ್ರಶ್ನೆಗಳಿಗೆ ಉತ್ತರ ಕಡಿಮೆ. ವರ್ಷಗಟ್ಟಲೆ ದಾಖಲೆ ಹುಡುಕಿ ಬರೆದವರಿಗೆ ನಗೆಯಾಡಿ ಉತ್ತರ ಕೊಟ್ಟರೆ ನಮ್ಮವರಿಗೆ ಖುಷಿಯಾಗುತ್ತದೆ, ಅಷ್ಟೇ. ಅದೇ ವರ್ಷ ಅವರಿಗೆ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಕೆಲಸವೂ ಸಿಕ್ಕಿತು, ಫಿಲಿಸ್ ಡ್ರೇಪರ್ ಅವರ ಜೊತೆ ಮದುವೆಯೂ ಆಯಿತು. ಎಂಟು ಮಕ್ಕಳ ಸಂಸಾರ.

ಲೀಹೈ ಮರುಭೂಮಿಯ ವಾದ ಅಂದರೇನು?

ಅವರ ಹೆಸರು ಮಾಡಿದ್ದು ಇದೇ. 1950ರಲ್ಲಿ ಸಭೆಯ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, 1952ರಲ್ಲಿ ಪುಸ್ತಕವಾಯಿತು. ಅದುವರೆಗೆ ಮಾರ್ಮನ್ ಗ್ರಂಥದ ಪರ ಮಾತಾಡುವವರು ಅಮೆರಿಕದ ಹಳೆಯ ಪಿರಮಿಡ್ಡು, ಪಾಳುಬಿದ್ದ ಊರುಗಳನ್ನು ತೋರಿಸುತ್ತಿದ್ದರು. ನಿಬ್ಲಿ ದಿಕ್ಕನ್ನೇ ಬದಲಿಸಿದರು. ಕಥೆ ಶುರುವಾಗೋದು ಅರೇಬಿಯಾದ ಮರುಭೂಮಿಯಲ್ಲಿ ಅಲ್ವಾ, ಮೊದಲು ಅಲ್ಲಿ ನೋಡೋಣ ಅಂದರು.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಲೀಹೈ ಕೆಂಪು ಸಮುದ್ರದ ಹತ್ತಿರ, ಒಂದು ಕಣಿವೆಯಲ್ಲಿ ಹರಿಯುವ ನೀರಿನ ಪಕ್ಕ ಡೇರೆ ಹಾಕುತ್ತಾನೆ. ಹಿರಿಯ ಮಗ ಮಾತು ಕೇಳುವವನಲ್ಲ. ಅವನಿಗೆ ಅಪ್ಪ ಹೇಳುತ್ತಾನೆ: ಈ ಹೊಳೆಯ ಹಾಗೆ ನೀನೂ ನಿಲ್ಲದೆ ಒಳ್ಳೆಯತನದ ಕಡಲಿಗೆ ಹರಿಯಬಾರದಾ. ಎರಡನೆಯವನಿಗೆ: ಈ ಕಣಿವೆಯ ಹಾಗೆ ನೀನು ಅಲುಗಾಡದೆ ನಿಲ್ಲಬಾರದಾ. ನಮ್ಮ ಕಣ್ಣಿಗೆ ಬೆಟ್ಟ ಸ್ಥಿರ, ಕಣಿವೆ ಅಲ್ಲ. ಆದರೆ ಮರುಭೂಮಿಯವನಿಗೆ ನೀರು, ನೆರಳು, ಆಸರೆ ಸಿಗೋದು ಕಣಿವೆಯಲ್ಲೇ, ಅವನು ನೆಚ್ಚಿಕೊಳ್ಳೋದು ಅದನ್ನೇ ಅಂತ ನಿಬ್ಲಿ ಹೇಳುತ್ತಾರೆ. ನೀರು ಕಂಡ ಕೂಡಲೇ ಹೀಗೆ ಹಾಡಿನ ಧಾಟಿಯಲ್ಲಿ ಬುದ್ಧಿ ಹೇಳುವ ಮಾದರಿ ಹಳೆಯ ಅರಬ್ಬಿ ಕಾವ್ಯದಲ್ಲಿದೆ, ನ್ಯೂಯಾರ್ಕ್ ಹಳ್ಳಿಯ ಇಪ್ಪತ್ಮೂರರ ಹುಡುಗನಿಗೆ ಇದು ಹೇಗೆ ಗೊತ್ತಿತ್ತು ಅನ್ನೋದು ಅವರ ಸವಾಲು.

ಓದುವಾಗ ಮೈ ಜುಮ್ಮೆನ್ನುತ್ತದೆ, ಸುಳ್ಳು ಹೇಳಲಾರೆ. ಆದರೆ ಪುಸ್ತಕ ಮುಚ್ಚಿದ ಮೇಲೆ ಪ್ರಶ್ನೆಗಳು ಏಳುತ್ತವೆ. ಆ ಹುಡುಗ ಬೈಬಲಿನ ಭಾಷೆಯಲ್ಲೇ ಬೆಳೆದವನು. ಹೊಳೆ, ಕಣಿವೆ, ಮರ, ಬಂಡೆ ಎಲ್ಲವೂ ಅಲ್ಲಿ ಉಪಮೆಗಳಾಗಿ ತುಂಬಿವೆ. ಇನ್ನು ಹೋಲಿಕೆಗೆ ತಂದ ಅರಬ್ಬಿ ಕಾವ್ಯ ಲೀಹೈಯ ಕಾಲಕ್ಕಿಂತ ಎಷ್ಟೋ ಶತಮಾನ ಈಚಿನದು. ಒಂದು ಹೋಲಿಕೆ ಚೆನ್ನಾಗಿದ್ದ ಮಾತ್ರಕ್ಕೆ ಸಾಕ್ಷಿ ಆಗಿಬಿಡುವುದಿಲ್ಲ.

ಈಜಿಪ್ಟಿನ ಹಾಳೆಗಳ ಗಲಾಟೆ ಏನು?

ಇದು ಅವರ ಬದುಕಿನ ಅತಿ ಕಷ್ಟದ ಅಧ್ಯಾಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1835ರಲ್ಲಿ ಒಹಾಯೊದ ಕರ್ಟ್‌ಲ್ಯಾಂಡಿಗೆ ಒಬ್ಬ ವ್ಯಾಪಾರಿ ನಾಲ್ಕು ಮಮ್ಮಿ ಮತ್ತು ಪಪೈರಸ್ ಸುರುಳಿಗಳನ್ನು ತಂದ. ಸ್ಮಿತ್ ಮತ್ತು ಸಂಗಡಿಗರು 2,400 ಡಾಲರ್ ಕೊಟ್ಟು ಕೊಂಡರು. ಇದರಲ್ಲಿ ಬೈಬಲಿನ ಮೂಲಪುರುಷ ಅಬ್ರಹಾಮನ ಬರಹ ಇದೆ ಅಂತ ಸ್ಮಿತ್ ಹೇಳಿದರು. 1842ರಲ್ಲಿ ಪ್ರಕಟವಾದ ಅಬ್ರಹಾಮನ ಗ್ರಂಥ ಸಭೆಯ ಧರ್ಮಗ್ರಂಥಗಳಲ್ಲಿ ಸೇರಿತು. ಹಾಳೆಗಳು ಮಾತ್ರ ಕೈತಪ್ಪಿ ಹೋದವು, 1871ರ ಷಿಕಾಗೊ ಬೆಂಕಿಯಲ್ಲಿ ಸುಟ್ಟುಹೋದವು ಅಂತಲೇ ಎಲ್ಲರೂ ನಂಬಿದ್ದರು. ಆಮೇಲೆ ಯೂಟಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಜೀಜ್ ಅತಿಯಾ ಅವರ ಕಣ್ಣಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಕೆಲವು ತುಣುಕುಗಳು ಬಿದ್ದವು. 1967ರ ನವೆಂಬರ್ 27ರಂದು ಮ್ಯೂಸಿಯಂ ಹನ್ನೊಂದು ತುಣುಕುಗಳನ್ನು ಸಭೆಗೆ ಕೊಟ್ಟಿತು.

ಸ್ಮಿತ್‌ರ ಕಾಲದಲ್ಲಿ ಈಜಿಪ್ಟಿನ ಬರಹ ಓದಬಲ್ಲವರು ಅಮೆರಿಕದಲ್ಲಿ ಇರಲಿಲ್ಲ. 1967ರಲ್ಲಿ ಇದ್ದರು. ಓದಿ ನೋಡಿದರೆ ಅಬ್ರಹಾಮನ ಹೆಸರೇ ಇಲ್ಲ. ಸತ್ತವರ ಜೊತೆ ಇಡುತ್ತಿದ್ದ ಶವಸಂಸ್ಕಾರದ ಬರಹಗಳು. ಅದರಲ್ಲಿ ಮುಖ್ಯವಾದದ್ದು ಹೋರ್ ಅನ್ನುವ ಪೂಜಾರಿಗಾಗಿ ಬರೆದ ಉಸಿರಾಟದ ಪುಸ್ತಕ.

ಸಭೆ ಈ ಕೆಲಸಕ್ಕೆ ನಿಬ್ಲಿ ಕಡೆಗೇ ನೋಡಿತು. ಅವರಿಗೆ ಆಗ ಐವತ್ತೇಳು. ಅಷ್ಟರೊಳಗೆ ಷಿಕಾಗೊಗೆ ಹೋಗಿ ಕ್ಲಾಸ್ ಬೇರ್ ಅನ್ನುವ ಈಜಿಪ್ಟ್ ತಜ್ಞರ ಹತ್ತಿರ ವಿದ್ಯಾರ್ಥಿಯ ಹಾಗೆ ಕೂತು ಆ ಭಾಷೆ ಕಲಿತಿದ್ದರು. ನೋಡಿ, ಆ ಬೇರ್ ಅವರೇ 1968ರಲ್ಲಿ ಹೋರ್‌ನ ಹಾಳೆಯ ಅನುವಾದ ಪ್ರಕಟಿಸಿದರು. ಅಂದರೆ ಶಿಷ್ಯ ಯಾವ ಗ್ರಂಥವನ್ನು ಕಾಯಬೇಕಿತ್ತೋ ಅದರ ಬುಡಕ್ಕೇ ಗುರುವಿನ ಅನುವಾದ ಬಂದು ನಿಂತಿತು. 1968ರಿಂದ 1970ರವರೆಗೆ ನಿಬ್ಲಿ ಸಭೆಯ ಪತ್ರಿಕೆಯಲ್ಲಿ ತಿಂಗಳು ತಿಂಗಳೂ ಬರೆದರು. 1975ರಲ್ಲಿ ದೊಡ್ಡ ಪುಸ್ತಕವನ್ನೇ ತಂದರು.

ಹಾಗಾದರೆ ಅವರು ಏನು ಉತ್ತರ ಕೊಟ್ಟರು?

ತುಣುಕುಗಳು ಶವಸಂಸ್ಕಾರದ ಬರಹಗಳೇ ಅಂತ ಒಪ್ಪಿಕೊಂಡರು. ಅದನ್ನು ಮುಚ್ಚಿಡಲಿಲ್ಲ, ತಾವೇ ಸಾಲು ಸಾಲಾಗಿ ಅನುವಾದಿಸಿದರು. ಆದರೆ ಇವು ಅಬ್ರಹಾಮನ ಗ್ರಂಥದ ಮೂಲ ಅಂತ ಯಾಕೆ ತಿಳಿಯಬೇಕು ಅಂತ ಕೇಳಿದರು. ಆಮೇಲೆ ಚರ್ಚೆಯನ್ನು ಬೇರೆ ಕಡೆ ತಿರುಗಿಸಿದರು: ಈಜಿಪ್ಟಿನ ಈ ವಿಧಿಗಳಿಗೂ ಮಾರ್ಮನ್ನರ ದೇವಾಲಯದ ವಿಧಿಗಳಿಗೂ ಇರುವ ಹೋಲಿಕೆ, ಅಬ್ರಹಾಮನ ಬಗ್ಗೆ ಯಹೂದಿಗಳಲ್ಲೂ ಮುಸ್ಲಿಮರಲ್ಲೂ ಇರುವ ಹಳೆಯ ಕಥೆಗಳು, ಇವೆಲ್ಲ.

ಮೂಲ ಪ್ರಶ್ನೆಗೆ ಇದು ಸಾಲುವುದಿಲ್ಲ ಅಂತ ನನ್ನ ಅಭಿಪ್ರಾಯ. 2014ರಲ್ಲಿ ಸಭೆಯೇ ಒಂದು ಲೇಖನ ಹೊರತಂದು, ಉಳಿದಿರುವ ತುಣುಕುಗಳ ಬರಹಕ್ಕೂ ಅಬ್ರಹಾಮನ ಗ್ರಂಥಕ್ಕೂ ತಾಳೆಯಾಗುವುದಿಲ್ಲ ಅನ್ನುವ ತಜ್ಞರ ಮಾತನ್ನು ಒಪ್ಪಿತು. ಗ್ರಂಥ ದೈವಪ್ರೇರಿತ ಅನ್ನುವ ನಂಬಿಕೆ ಬಿಟ್ಟಿಲ್ಲ. ಆದರೂ ಅರವತ್ತರ ಹತ್ತಿರ ಬಂದ ಮನುಷ್ಯ, ಉತ್ತರ ಬೇಕಾದರೆ ಆ ಲಿಪಿಯನ್ನೇ ಕಲಿಯಬೇಕು ಅಂತ ಬೆಂಚಿನ ಮೇಲೆ ಕೂತರಲ್ಲ, ಅದಕ್ಕೆ ನಾನು ತಲೆಬಾಗುತ್ತೇನೆ.

ಅವರ ಮೇಲೆ ಟೀಕೆ ಬರೀ ಹೊರಗಿನವರದ್ದಾ?

ಇಲ್ಲ. 1986ರಲ್ಲಿ ಅವರ ಬರಹಗಳ ಸಂಪುಟಗಳು ಬರಲು ಶುರುವಾದವು, 2010ರ ಹೊತ್ತಿಗೆ ಹತ್ತೊಂಬತ್ತು ಆದವು. ಮೊದಲ ಸಂಪುಟಕ್ಕೆ 1988ರಲ್ಲಿ ಅದೇ ವಿಶ್ವವಿದ್ಯಾಲಯದ ಕೆಂಟ್ ಜ್ಯಾಕ್ಸನ್ ವಿಮರ್ಶೆ ಬರೆದರು, ಅದೂ ಅಲ್ಲಿನ ಪತ್ರಿಕೆಯಲ್ಲೇ. ಬೇರೆ ಬೇರೆ ಕಾಲದ, ಬೇರೆ ಬೇರೆ ನಾಡಿನ ಬರಹಗಳಿಂದ ಬೇಕಾದ ಸಾಲು ಆರಿಸಿ ಒಂದೇ ಚಿತ್ರ ಕಟ್ಟುತ್ತಾರೆ ಅನ್ನೋದು ಮುಖ್ಯ ಆಕ್ಷೇಪ. ಸರಿಯಾದ ಆಕ್ಷೇಪವೇ. ನಿಬ್ಲಿ ಲೇಖನಗಳಲ್ಲಿ ಅಡಿಟಿಪ್ಪಣಿಗಳ ಕಾಡೇ ಇರುತ್ತದೆ. ಸಿರಿಯಾದಿಂದ ಒಂದು, ಇಥಿಯೋಪಿಯಾದಿಂದ ಒಂದು, ನಡುವೆ ಸಾವಿರ ವರ್ಷ. ಸಾಮಾನ್ಯ ಓದುಗ ಅದನ್ನು ನೋಡಿ ಬೆರಗಾಗುತ್ತಾನೆ, ಪರೀಕ್ಷೆ ಮಾಡಲು ಅವನಿಗೆ ಆ ಭಾಷೆಗಳು ಬರೋದಿಲ್ಲ. ಮಾರ್ಮನ್ ಮನೆಗಳಲ್ಲಿ ಎಷ್ಟೋ ಜನರಿಗೆ ನಿಬ್ಲಿ ಇದ್ದಾರೆ ಅನ್ನೋದೇ ಧೈರ್ಯವಾಗಿತ್ತು, ಅವರು ಏನು ಹೇಳಿದರು ಅನ್ನೋದು ಆಮೇಲಿನ ಮಾತು.

ಕಪ್ಪು ನಿಲುವಂಗಿಯ ಪ್ರಾರ್ಥನೆ ಅಂತ ಕೇಳಿದ್ದೇನೆ, ಏನದು?

ನನಗೆ ಅತಿ ಇಷ್ಟದ ಪ್ರಸಂಗ. 1960ರಲ್ಲಿ ವಿಶ್ವವಿದ್ಯಾಲಯದ ಪದವಿ ಪ್ರದಾನ ಸಮಾರಂಭ. ಪ್ರಾರ್ಥನೆ ಮಾಡಲು ನಿಬ್ಲಿಯನ್ನು ಕರೆದರು. ಎಲ್ಲರೂ ಕಪ್ಪು ಗೌನು, ಚೌಕದ ಟೋಪಿ ಹಾಕಿ ಕೂತಿದ್ದಾರೆ. ಇವರು ಎದ್ದು ನಿಂತು, ನಾವಿಲ್ಲಿ ಸುಳ್ಳು ಪೌರೋಹಿತ್ಯದ ಕಪ್ಪು ನಿಲುವಂಗಿ ತೊಟ್ಟು ಸೇರಿದ್ದೇವೆ ಅಂತ ದೇವರಿಗೆ ಹೇಳಿಯೇಬಿಟ್ಟರು.

ಇಪ್ಪತ್ಮೂರು ವರ್ಷ ಕಳೆದು 1983ರಲ್ಲಿ, ಅಂಥದ್ದೇ ಸಮಾರಂಭದಲ್ಲಿ ಭಾಷಣ ಮಾಡುವ ಸರದಿ ಅವರಿಗೇ ಬಂತು. ಆ ಮಾತಿನಿಂದಲೇ ಶುರು ಮಾಡಿದರು. ನಿಜಕ್ಕೂ ಹಾಗೆ ಹೇಳಿದಿರಾ ಅಂತ ಎಷ್ಟೋ ಜನ ಕೇಳಿದ್ದಾರೆ, ಅದರ ಅರ್ಥವೇನು ಅಂತ ಒಬ್ಬರೂ ಕೇಳಲಿಲ್ಲ ಅಂದರು. ಇಲ್ಲಿ ನಾವು ಪ್ರಶ್ನೆ ಕೇಳುವುದಿಲ್ಲವಲ್ಲ ಅಂತಲೂ ಸೇರಿಸಿದರು. ಮುಂದಕ್ಕೆ ನಾಯಕ ಬೇರೆ, ಮ್ಯಾನೇಜರ್ ಬೇರೆ ಅಂತ ಬಿಡಿಸಿ ಹೇಳಿದರು. ನಾಯಕನಾದವನು ಹೊಸದಕ್ಕೆ ಹೆದರುವುದಿಲ್ಲ, ಮ್ಯಾನೇಜರನಿಗೆ ಜಾಗ ಭದ್ರವಾಗಿದ್ದರೆ ಸಾಕು, ನಾವು ಮೊದಲನೆಯವರನ್ನು ಕಳೆದುಕೊಂಡು ಎರಡನೆಯವರನ್ನು ಬೆಳೆಸುತ್ತಿದ್ದೇವೆ ಅಂತ ಅವರ ಸಂಕಟ. ಎದುರಿಗೆ ಕೂತಿದ್ದವರು ಅದೇ ಸಂಸ್ಥೆಯ ಆಡಳಿತದವರು, ಪದವಿ ಹಿಡಿದು ಕೆಲಸಕ್ಕೆ ಹೊರಟ ಮಕ್ಕಳು.

ದುಡ್ಡಿನ ಬಗ್ಗೆ ಅವರ ನಿಲುವು ಏನಿತ್ತು?

ಬಹಳ ಕಟುವಾಗಿತ್ತು. ಮಾರ್ಮನ್ ಗ್ರಂಥದಲ್ಲಿ ಬೆಂಜಮಿನ್ ಅನ್ನುವ ರಾಜ ಜನರಿಗೆ ಹೇಳುವ ಮಾತಿದೆ. ಬೇಡಲು ಬಂದವನನ್ನು ನೋಡಿ, ಇವನ ಕಷ್ಟ ಇವನೇ ತಂದುಕೊಂಡದ್ದು ಅಂತ ಕೈ ಹಿಂದೆ ತೆಗೆಯಬೇಡ, ನಾವೆಲ್ಲರೂ ದೇವರ ಮುಂದೆ ಬೇಡುವವರೇ ಅಲ್ವಾ ಅಂತ. ನಿಬ್ಲಿ ಈ ಮಾತನ್ನು ಬಿಡದೆ ಹಿಡಿದುಕೊಂಡರು. ದುಡಿಯಬೇಕು ನಿಜ, ಆದರೆ ಊಟ ದೇವರು ಪುಕ್ಕಟೆ ಕೊಟ್ಟದ್ದು, ಅದನ್ನು ತಡೆದು ಲಾಭ ಮಾಡುವ ಹಕ್ಕು ಯಾರಿಗೂ ಇಲ್ಲ ಅಂತ 1982ರ ಒಂದು ಭಾಷಣದಲ್ಲಿ ಹೇಳಿದರು. ಸಿರಿತನವನ್ನು ದೇವರ ಆಶೀರ್ವಾದದ ಗುರುತು ಅಂತ ನೋಡುವವರು ತುಂಬಿದ ಸಮಾಜದಲ್ಲಿ ನಿಂತು, ಅವರದೇ ಗ್ರಂಥ ತೆಗೆದು ಓದಿದರು. ನೆಲ, ಕಾಡು, ಪ್ರಾಣಿಗಳ ವಿಷಯದಲ್ಲೂ ಹಾಗೇ. ಭೂಮಿಯ ಮೇಲೆ ಅಧಿಕಾರ ಕೊಟ್ಟದ್ದು ಕಾಯಲು, ದೋಚಲು ಅಲ್ಲ ಅಂತ ಬ್ರಿಗಮ್ ಯಂಗ್‌ರ ಮಾತುಗಳನ್ನೇ ಮುಂದಿಟ್ಟು ಬರೆದರು. ಹಳೇ ಕೋಟು, ಹಳೇ ಟೋಪಿಯಲ್ಲೇ ಕ್ಯಾಂಪಸ್ಸಿನಲ್ಲಿ ಓಡಾಡುತ್ತಿದ್ದ ಮನುಷ್ಯ, ಹಾಗಾಗಿ ಈ ಮಾತು ಅವರ ಬಾಯಲ್ಲಿ ಹೊಂದುತ್ತಿತ್ತು.

ನನ್ನ ಮಟ್ಟಿಗೆ ನಿಬ್ಲಿ ಉಳಿಯೋದು ಇಲ್ಲಿ. ಹೊರಗಿನವರಿಗೆ ಕೊಟ್ಟ ಉತ್ತರಗಳಲ್ಲಿ ಎಷ್ಟೋ ಈಗ ಹಳತಾಗಿವೆ. ಸ್ವಂತ ಜನಕ್ಕೆ ಹೇಳಿದ ಮಾತು ಹಳತಾಗಿಲ್ಲ.

ಇಷ್ಟೆಲ್ಲ ಹೇಳಿಯೂ ಸಭೆ ಅವರನ್ನು ಹೊರಹಾಕಲಿಲ್ಲವಾ?

ಇಲ್ಲ. ಜೋಸೆಫ್ ಸ್ಮಿತ್ ಪ್ರವಾದಿ ಅನ್ನುವುದನ್ನು ಅವರು ಒಂದು ದಿನವೂ ಪ್ರಶ್ನಿಸಲಿಲ್ಲ. ಬ್ರೋಡಿ ಕೇಳಿದ್ದು ಆ ಬುಡದ ಪ್ರಶ್ನೆ, ನಿಬ್ಲಿ ಕೇಳಿದ್ದು ನಡವಳಿಕೆಯ ಪ್ರಶ್ನೆ. ಒಬ್ಬರಿಗೆ ಬಹಿಷ್ಕಾರ, ಇನ್ನೊಬ್ಬರಿಗೆ ವೇದಿಕೆ. ಈ ವ್ಯತ್ಯಾಸವನ್ನು ಮರೆಯಬಾರದು.

ಅವರ ನಂತರ ಯಾರು?

1979ರಲ್ಲಿ ಜಾನ್ ವೆಲ್ಚ್ ಅನ್ನುವ ವಕೀಲರು ಫಾರ್ಮ್ಸ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದರು. ನಿಬ್ಲಿ ಒಬ್ಬರೇ ಮಾಡುತ್ತಿದ್ದ ಕೆಲಸಕ್ಕೆ ಒಂದು ತಂಡವೇ ಬಂತು. ಅದು ಆಮೇಲೆ ವಿಶ್ವವಿದ್ಯಾಲಯದೊಳಗೆ ಸೇರಿ ಮ್ಯಾಕ್ಸ್‌ವೆಲ್ ಇನ್‌ಸ್ಟಿಟ್ಯೂಟ್ ಆಯಿತು. ಅಲ್ಲಿನ ವಿಮರ್ಶಾ ಪತ್ರಿಕೆಯನ್ನು 1989ರಿಂದ ನಡೆಸಿದ ಡೇನಿಯಲ್ ಪೀಟರ್ಸನ್‌ರನ್ನು 2012ರಲ್ಲಿ ಸಂಪಾದಕ ಸ್ಥಾನದಿಂದ ಇಳಿಸಿದರು. ಸಂಸ್ಥೆ ಸಮರ್ಥನೆ ಬಿಟ್ಟು ಸಾಮಾನ್ಯ ವಿದ್ವತ್ತಿನ ಕಡೆ ಹೊರಳುತ್ತಿತ್ತು. ಪೀಟರ್ಸನ್ ಮತ್ತು ಗೆಳೆಯರು ಹೊರಗೆ ಬಂದು ಇಂಟರ್‌ಪ್ರಿಟರ್ ಅಂತ ಬೇರೆ ಪತ್ರಿಕೆ ಶುರು ಮಾಡಿದರು. ವಾದ ಮಾಡಬೇಕಾ, ಅಧ್ಯಯನ ಮಾಡಬೇಕಾ ಅನ್ನುವ ಈ ಜಗ್ಗಾಟ ನಿಬ್ಲಿ ಬರಹದ ಒಳಗೇ ಇತ್ತು, ಅವರು ಹೋದ ಮೇಲೆ ಎರಡು ಕಟ್ಟಡಗಳಾಗಿ ನಿಂತಿತು.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ನಿಬ್ಲಿಗೆ ನೇರ ಸಂಬಂಧ ಇಲ್ಲ. ಸಭೆಗೆ ಇದೆ. 1993ರಿಂದ ಬೆಂಗಳೂರು ಅವರ ಭಾರತದ ಪ್ರಚಾರದ ಒಂದು ಕೇಂದ್ರ. 2018ರಲ್ಲಿ ಬೆಂಗಳೂರಿನಲ್ಲಿ ದೇವಾಲಯ ಕಟ್ಟುತ್ತೇವೆ ಅಂತ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಕೆಲಸ ಶುರು ಮಾಡಿದರು. ಬಿಳಿ ಅಂಗಿ ಹಾಕಿ, ಎದೆಗೆ ಕಪ್ಪು ಹೆಸರಿನ ಪಟ್ಟಿ ಸಿಕ್ಕಿಸಿ, ಇಬ್ಬಿಬ್ಬರಾಗಿ ಓಡಾಡುವ ಹುಡುಗರನ್ನು ನೋಡಿದ್ದರೆ ಅವರು ಇವರೇ.

ಓದಲು ಎಲ್ಲಿಂದ ಶುರು ಮಾಡಲಿ?

ಈಜಿಪ್ಟಿನ ಪುಸ್ತಕಗಳಿಂದ ಬೇಡ, ಹತ್ತು ಪುಟಕ್ಕೆ ಸುಸ್ತಾಗುತ್ತದೆ. ಮೊದಲು 1983ರ ಭಾಷಣ ಓದಿ, ಅರ್ಧ ಗಂಟೆಯ ಓದು. ಆಮೇಲೆ ಸಂಪುಟಗಳಲ್ಲಿ ಒಂಬತ್ತನೆಯದು, ಅಪ್ರೋಚಿಂಗ್ ಝಯಾನ್, 1989ರಲ್ಲಿ ಬಂದದ್ದು. ದುಡ್ಡಿನ ಬಗ್ಗೆ ಹೇಳಿದ್ದೆಲ್ಲ ಅದರಲ್ಲಿದೆ. ಅದು ಹಿಡಿಸಿದರೆ ಲೀಹೈಯ ಪುಸ್ತಕಕ್ಕೆ ಬನ್ನಿ, ಪಕ್ಕದಲ್ಲಿ ಮಾರ್ಮನ್ ಗ್ರಂಥವನ್ನೂ ತೆರೆದಿಟ್ಟುಕೊಳ್ಳಿ. ಅಡಿಟಿಪ್ಪಣಿ ಬಂದಾಗ ಒಂದು ನಿಮಿಷ ನಿಲ್ಲಿ, ಅದು ಯಾವ ಶತಮಾನದ, ಯಾವ ಊರಿನ ಬರಹ ಅಂತ ನೋಡಿ, ಆಮೇಲೆ ಮುಂದಿನ ಸಾಲಿಗೆ ಹೋಗಿ.